ಅಪ್ಪ ರಸ್ತೆ ದಾಟುವ ಹೊತ್ತು

ಬಸವಕಲ್ಯಾಣದಿಂದ ಹುಮನಾಬಾದ್ ಕಡೆ ಹೋಗುವ ಹೊಸ ರಸ್ತೆಯನ್ನು ನನ್ನಷ್ಟು ಹೊಗಳಿದವರು ನಮ್ಮ ಓಣಿಯಲ್ಲಿ ಇನ್ನೊಬ್ಬರಿಲ್ಲ. ಹೊಗಳದೆ ಏನು ಮಾಡಲಿ? ಹಳೆಯ ರಸ್ತೆಯಲ್ಲಿ ತವರಿಗೆ ಹೊರಟರೆ ಬಸ್ಸು ಒಂದು ತಗ್ಗಿನಿಂದ ಎದ್ದು ಇನ್ನೊಂದು ತಗ್ಗಿಗೆ ಬೀಳುತ್ತಿತ್ತು. ಊರು ಮುಟ್ಟುವ ಹೊತ್ತಿಗೆ ಸೊಂಟ ಯಾವುದು, ಬೆನ್ನು ಯಾವುದು ತಿಳಿಯುತ್ತಿರಲಿಲ್ಲ. ಕೂಸನ್ನು ಎತ್ತಿಕೊಂಡು ಹೋದರಂತೂ ಅದರ ವಾಂತಿ, ನನ್ನ ಕಣ್ಣೀರು ಎರಡೂ ಒಂದೇ ಸೆರಗಿಗೆ. ಹಬ್ಬಕ್ಕೊಮ್ಮೆ ಹೋದರೆ ಅದೇ ಹೆಚ್ಚು. ಈಗ ನಾಲ್ಕು ಪಥದ ರಸ್ತೆ. ಕಿಟಕಿ ಪಕ್ಕ ಕೂತು ಕಣ್ಣಿಗೆ ಜೋಂಪು ಹತ್ತುವಷ್ಟರಲ್ಲಿ ಕಂಡಕ್ಟರ್ ನಮ್ಮೂರಿನ ಹೆಸರು ಕೂಗುತ್ತಾನೆ. ಮಧ್ಯಾಹ್ನ ಊಟ ಮಾಡಿ ಹೊರಟರೆ ತವರಿನಲ್ಲಿ ಚಹಾ ಕುಡಿದು, ಅವ್ವನ ಜೊತೆ ಜಗಳವಾಡಿ, ರಾತ್ರಿ ಅಡುಗೆಗೆ ಮನೆಗೆ ವಾಪಸ್ಸು ಬರಬಹುದು. ರಸ್ತೆ ಬಂದ ಮೇಲೆ ನಾನು ತವರಿಗೆ ಹೋಗುವುದೂ ಹೆಚ್ಚಾಯಿತು, ಜಗಳವೂ ಹೆಚ್ಚಾಯಿತು.

ಜಗಳಕ್ಕೆ ಕಾರಣವೂ ಅದೇ ರಸ್ತೆ. ನಮ್ಮೂರು ಅದರ ಈಚೆ ಇದೆ, ಅಪ್ಪ ಕುರಿ ಮೇಯಿಸುವ ಕೊಳ್ಳ ಅದರ ಆಚೆ. ಕೊಳ್ಳ ಅಂದರೆ ದೊಡ್ಡದೇನಲ್ಲ. ಎರಡು ಕಲ್ಲುಗುಡ್ಡಗಳ ನಡುವಿನ ತಗ್ಗು, ಮಳೆಗಾಲದಲ್ಲಿ ಒಂದು ಹಳ್ಳ ಹರಿಯುತ್ತದೆ, ದೀಪಾವಳಿಯವರೆಗೂ ಹುಲ್ಲು ಹಸಿರು ಇರುತ್ತದೆ. ಮೊದಲು ಅಲ್ಲಿಗೆ ಕುರುಬರ ಹೊರತು ಯಾರೂ ಹೋಗುತ್ತಿರಲಿಲ್ಲ. ರಸ್ತೆ ಆದ ಮೇಲೆ ಹೈದರಾಬಾದಿನ ನಂಬರಿನ ಕಾರುಗಳೂ ಹಳ್ಳ ನೋಡಲು ಬರುತ್ತವೆ. ಹುಡುಗಿಯರು ಬಂಡೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಹಿಂದೆ ಅಪ್ಪನ ಕುರಿಯೂ ಬಂದರೆ ಇನ್ನೂ ಖುಷಿ ಅವರಿಗೆ. ಅಪ್ಪನಿಗೆ ಮಾತ್ರ ಆ ರಸ್ತೆಯಿಂದ ಸಿಕ್ಕಿದ್ದು ಮುಂಜಾನೆಗೊಮ್ಮೆ, ಸಂಜೆಗೊಮ್ಮೆ ಜೀವ ಕೈಯಲ್ಲಿ ಹಿಡಿದು ದಾಟುವ ಕೆಲಸ.

ಹಳೇ ರಸ್ತೆ ದಾಟುವುದು ಒಂದು ವಿಷಯವೇ ಆಗಿರಲಿಲ್ಲ. ತಗ್ಗು ತಪ್ಪಿಸಿಕೊಳ್ಳುತ್ತ ಲಾರಿಯೇ ಕುರಿಗಿಂತ ನಿಧಾನ ಬರುತ್ತಿತ್ತು. ಕುರಿ ಅಡ್ಡ ಬಂದರೆ ಡ್ರೈವರ್ ಎಂಜಿನ್ ಆರಿಸಿ ಬೀಡಿ ಹಚ್ಚಿ, "ಹೋಗ್ರಿ ಕಾಕಾ, ಸಾವಕಾಶ" ಅನ್ನುತ್ತಿದ್ದ. ಈಗ ಯಾರೂ ನಿಲ್ಲುವುದಿಲ್ಲ. ನಮ್ಮ ಬಾಜೂ ಮನೆಯವರ ಎಮ್ಮೆಗೆ ಗುದ್ದಿದ ಗಾಡಿ ಯಾವುದೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಎಮ್ಮೆ ಅಲ್ಲೇ ಬಿತ್ತು, ಗಾಡಿ ಹೋಗೇ ಹೋಯಿತು.

ಆ ಸುದ್ದಿ ಕೇಳಿದ ದಿನದಿಂದ ನನಗೆ ಹೊತ್ತು ಇಳಿಯುವುದೆಂದರೆ ಆಗುವುದಿಲ್ಲ. ನಾನು ಮನೆಯಲ್ಲೇ ಮಿಷನ್ ಇಟ್ಟುಕೊಂಡು ಜಂಪರ್ ಹೊಲಿಯುವವಳು. ಸಂಜೆ ಬೆಳಕು ಗೋಡೆ ಏರಿತು ಅಂದರೆ ಪೆಡಲ್ ತುಳಿಯುವ ಕಾಲು ತಾನೇ ನಿಂತುಬಿಡುತ್ತಿತ್ತು. ಈಗ ಅಪ್ಪ ರಸ್ತೆಯ ಅಂಚಿಗೆ ಬಂದಿರಬೇಕು, ಈಗ ಇಳಿದಿರಬೇಕು, ಈಗ ನಡುವೆ ಇರಬೇಕು. ಫೋನ್ ಮಾಡಿದರೆ ಅವ್ವ ಎತ್ತುತ್ತಿರಲಿಲ್ಲ. ಕತ್ತಲಾದ ಮೇಲೆ ಅವಳೇ ಮಾಡಿ, "ನಿಮ್ಮಪ್ಪ ಬಂದಾರ, ಚಾ ಕುಡ್ಯಾಕತ್ತಾರ" ಅಂದ ಮೇಲೆ ನನ್ನ ಉಸಿರು ಸಡಿಲಾಗುತ್ತಿತ್ತು. ಮರುದಿನ ಸಂಜೆ ಮತ್ತೆ ಅದೇ ಕಥೆ. ಗಿರಾಕಿಗಳು ಬಂದು ತೋಳು ಗಿಡ್ಡ ಆಯಿತು, ಕೊರಳು ಅಗಲ ಆಯಿತು ಅಂದರೆ ನಾನು ಹಾವಿನಂತೆ ಬುಸ್ ಅನ್ನುತ್ತಿದ್ದೆ. ಅವರಿಗೇನು ಗೊತ್ತು, ಅವರ ಜಂಪರ್ ಕೆಡಿಸಿದ್ದು ನಮ್ಮಪ್ಪನ ಕುರಿ ಎಂದು.

ರಸ್ತೆಯ ಕೆಳಗೆ ದಾಟಲು ಒಂದು ಸೇತುವೆ ಮಾಡಿದ್ದಾರೆ, ಇಲ್ಲ ಅನ್ನುವುದಿಲ್ಲ. ಊರಿಂದ ಅಷ್ಟು ದೂರ, ಹುಮನಾಬಾದ್ ದಿಕ್ಕಿಗೆ. ಮಳೆಗಾಲ ಮುಗಿದು ಎಷ್ಟು ದಿನವಾದರೂ ಅದರಲ್ಲಿ ಮೊಣಕಾಲುದ್ದ ನೀರು ನಿಂತಿರುತ್ತದೆ. "ಆ ಹೊಲಸ ನೀರಾಗ ಕುರಿ ಇಳಿಸಿದ್ರ ಗೊರಸ ಕೊಳೀತಾವ" ಅನ್ನುತ್ತಿದ್ದ ಅಪ್ಪ. "ನನ್ನವೇ ಆಗಿದ್ರ ಮಾತು ಬ್ಯಾರೆ. ಊರ ಮಂದಿ ಭರೋಸಾ ಇಟ್ಟು ಕೊಟ್ಟಾರ ಅವನ್ನ." ಅದು ನಿಜ. ಹಿಂಡಿನಲ್ಲಿ ಅರ್ಧ ನಮ್ಮವು, ಅರ್ಧ ಊರವರವು. ಕುರಿ ಕಾಯುವ ಪುರುಸೊತ್ತು ಇಲ್ಲದವರು ಅಪ್ಪನ ಹಿಂಡಿನಲ್ಲಿ ತಮ್ಮ ಕುರಿ ಬಿಡುತ್ತಾರೆ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ಹಿಂಡು ಕೂಡಿಸಲು ಕರೆಯುತ್ತಾರೆ. ಆ ಕರೆ ಬರುವುದು ಅಪ್ಪನಿಗೆ ದೊಡ್ಡ ಮರ್ಯಾದೆ. ಕುರಿ ಬಿಟ್ಟುಬಿಡು, ವಯಸ್ಸಾಯಿತು ಅಂದರೆ ನನ್ನ ಮುಖ ಸಹ ನೋಡದೆ ಕೋಲು ಎತ್ತಿಕೊಂಡು ಹೊರಗೆ ಹೋಗುತ್ತಿದ್ದ. ಒಮ್ಮೆ ಮಾತ್ರ, "ಈ ರಸ್ತಾಕ ಆವಾಜ್ ಇಲ್ಲ, ಅದಕ್ಕ ಬ್ಯಾಸರ" ಅಂದಿದ್ದ. ಆವಾಜ್ ಇಲ್ಲದ್ದೇ ಚಲೋ ಅಲ್ಲವೇ ಎಂದು ನಾನು ನಕ್ಕಿದ್ದೆ.

ಆ ದಿನ ನಾನು ಹೋದದ್ದು ಅವ್ವನ ಕುಬಸದ ಅಳತೆ ನೋಡಲು. ಮಳೆ ಹಿಂದಾಗಿತ್ತು, ತೊಗರಿ ಹೂ ಬಿಡುತ್ತಿತ್ತು. ಬಸ್ಸು ನನ್ನನ್ನು ಇಳಿಸಿದ್ದು ರಸ್ತೆಯ ಆಚೆ ಬದಿಗೆ. ಬಸವಕಲ್ಯಾಣದಿಂದ ಬರುವ ಗಾಡಿಗಳದ್ದು ಆ ಬದಿ, ಹುಮನಾಬಾದಿನಿಂದ ಬರುವವುಗಳದ್ದು ನಮ್ಮೂರ ಬದಿ. ನಡುವೆ ಮಣ್ಣು ಏರಿಸಿ ಕಣಗಿಲೆ ಗಿಡ ಹಚ್ಚಿದ್ದಾರೆ. ನಮ್ಮೂರ ನೇರಕ್ಕೆ ಆ ಗಿಡಗಳ ಸಾಲಿನಲ್ಲಿ ಒಂದು ಸಂದು ಇದೆ, ಎಲ್ಲರೂ ದಾಟುವುದು ಅಲ್ಲೇ. ನಾನು ಸೀರೆ ಎತ್ತಿ ಹಿಡಿದು, ಚೀಲ ಎದೆಗೆ ಅವಚಿಕೊಂಡು, ಎರಡು ಸಲ ಓಡಿ ಎರಡು ಸಲ ಹಿಂದೆ ಬಂದು, ಅಂತೂ ದಾಟಿದೆ. ನನಗೇ ಹೀಗಾದರೆ ಆ ಮನುಷ್ಯನ ಗತಿ ಏನು ಎಂದು ಸಿಟ್ಟು ನೆತ್ತಿಗೇರಿತು. ಇವತ್ತು ಅಪ್ಪ ಬರಲಿ, ಎರಡರಲ್ಲೊಂದು ಆಗಿಹೋಗಲಿ ಎಂದು ಮನಸ್ಸಿನಲ್ಲೇ ಹಲ್ಲು ಕಡಿಯುತ್ತ ಮನೆ ಸೇರಿದೆ.

ನಮ್ಮ ಮನೆ ಊರಿನ ಕೊನೆಯದು. ಮನೆ ಹಿಂದೆ ಬಲೆ ಕಟ್ಟಿದ ದೊಡ್ಡಿ, ದೊಡ್ಡಿಯ ಹಿಂದೆ ಸಣ್ಣ ದಿನ್ನೆ, ದಿನ್ನೆ ಹತ್ತಿದರೆ ರಸ್ತೆ. ದೊಡ್ಡಿಯಲ್ಲಿ ಇಡೀ ದಿನ ಮರಿಗಳಿರುತ್ತವೆ. ಎಳೆ ಮರಿಗಳನ್ನು ಹಿಂಡಿನ ಜೊತೆ ಕಳಿಸುವ ರೂಢಿ ನಮ್ಮಲ್ಲಿಲ್ಲ, ನಡೆದು ಸೋಲುತ್ತವೆ. ತಾಯಿ ಕುರಿಗಳು ಮೇಯಲು ಹೋಗುತ್ತವೆ, ಕೆಚ್ಚಲು ತುಂಬಿಕೊಂಡು ಸಂಜೆ ಬರುತ್ತವೆ, ಆಗ ಮರಿ ಬಿಡುವುದು. ಆ ಹೊತ್ತಿನಲ್ಲಿ ತಾಯಿ ಮರಿ ಒಂದನ್ನೊಂದು ಹುಡುಕುವ ಗದ್ದಲ ಕೇಳಿದವರಿಗೇ ಗೊತ್ತು. ಚಿಕ್ಕಂದಿನಲ್ಲಿ ಅದು ನನಗೆ ಎಲ್ಲಕ್ಕಿಂತ ಪ್ರೀತಿಯ ಹೊತ್ತು.

ಅವ್ವನಿಗೆ ಕುಬಸ ತೊಡಿಸಿ, ಒಂದು ತೋಳಿಗೆ ಗುಂಡುಸೂಜಿಯ ಟಾಚಣಿ ಚುಚ್ಚುತ್ತಿದ್ದೆ. ಅವಳು ಒಂದು ಗಳಿಗೆ ಸುಮ್ಮನೆ ನಿಲ್ಲಲಿಲ್ಲ. ಬಾಗಿಲ ಕಡೆ ನೋಡುವುದು, ಗೋಡೆಯ ಬಿಸಿಲು ನೋಡುವುದು, "ಆತಿಲ್ಲೋ? ಆತಿಲ್ಲೋ?" ಅನ್ನುವುದು. ನನಗೆ ರೇಗಿತು.

"ಮಗಳು ಬಂದ್ರೂ ನಿನ್ನ ಮಾರಿ ಹೊರಗೇ ಅದಲ್ಲ! ಏನು ಅವಸರ?"

"ಹೊತ್ತಾತು. ರಸ್ತಾಕ ಹೋಗಬೇಕು ನಾ."

"ನೀ ಯಾಕ ಹೋಗಬೇಕು? ಕುರಿಗಿ ದಾರಿ ಗೊತ್ತಿಲ್ಲೇನು? ನಿಂದ್ರು, ನಾನೇ ಹೋಗಿ ಕರಕೊಂಡ ಬರತೀನಿ. ಅಪ್ಪಗ ನಾಕ ಮಾತ ಹೇಳೋದೂ ಅದ ಇವತ್ತ."

"ತಡಿ, ಒಬ್ಬಾಕಿ ಹೋಗಬ್ಯಾಡ, ನಾ ಬರತೀನಿ" ಅಂತ ಅವ್ವ ಹಿಂದಿನಿಂದ ಕೂಗಿದಳು. ಆದರೆ ಅವಳ ಒಂದು ಕೈ ಟಾಚಣಿಗಳಲ್ಲಿ ಸಿಕ್ಕಿತ್ತು, ನಾನು ಆಗಲೇ ದಿನ್ನೆ ಹತ್ತಿದ್ದೆ.

ಅಪ್ಪ ರಸ್ತೆಯ ಆಚೆ ಅಂಚಿನಲ್ಲಿ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಪಕ್ಕದಲ್ಲಿ ಕೊರಳಿಗೆ ಗಂಟೆ ಕಟ್ಟಿದ ಹೋತ. ಹಿಂಡಿನಲ್ಲಿ ಒಂದು ಆಡಿನ ಗಂಡು ಮುಂದೆ ಇದ್ದರೆ ಕುರಿಗಳು ಅದರ ಹಿಂದೆ ಬರುತ್ತವೆ. ಹೋತನ ಹಿಂದೆ ಅಷ್ಟೂ ಕುರಿ ಒತ್ತೊತ್ತಿ ನಿಂತು ಅರಚುತ್ತಿದ್ದವು. ಅಪ್ಪ ಅತ್ತ ಇತ್ತ ನೋಡುತ್ತಿರಲಿಲ್ಲ. ನೆಟ್ಟಗೆ ನನ್ನ ಕಡೆ ಮುಖ ಮಾಡಿ, ಯಾರೋ ಏನೋ ಹೇಳುತ್ತಾರೆಂದು ಕಾಯುವವನ ಹಾಗೆ ನಿಂತಿದ್ದ. ಸಂಜೆ ಬಿಸಿಲು ಅವನ ಮುಖದ ಮೇಲಿತ್ತು. ಎಷ್ಟು ಸೊರಗಿದ್ದಾನೆ ಅನ್ನಿಸಿತು. ಹಲ್ಲು ಕಡಿದು ಕೂಡಿಟ್ಟಿದ್ದ ಮಾತೆಲ್ಲ ಎಲ್ಲಿ ಹೋದವೋ. ಕೈ ಎತ್ತಿ, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ಗಂಟಲು ಬಿಚ್ಚಿ ಕರೆದೆ.

"ಓ... ಅಪ್ಪಾ..."

ಅಪ್ಪ ರಸ್ತೆಗೆ ಇಳಿದುಬಿಟ್ಟ.

ನಾನು ಕರೆದದ್ದು ಬಾ ಎಂದಲ್ಲ, ಬಂದಿದ್ದೇನೆ ಎಂದು. ಬಸವಕಲ್ಯಾಣದ ಕಡೆಯಿಂದ ಒಂದು ಬಿಳೀ ಕಾರು ಬರುತ್ತಿತ್ತು, ನನಗೆ ಕಾಣುತ್ತಿತ್ತು. ಅಪ್ಪನಿಗೆ ಕಾಣಲೇಬೇಕಿತ್ತು, ನನಗಿಂತ ಅವನಿಗೇ ಹತ್ತಿರವಿತ್ತು. ಅವನು ತಲೆ ಸಹ ತಿರುಗಿಸಲಿಲ್ಲ. ದನ ಕಟ್ಟುವ ಅಂಗಳದಲ್ಲಿ ನಡೆದಂತೆ ನೆಟ್ಟಗೆ ನಡೆದು ಬಂದ. "ನಿಲ್ಲು, ನಿಲ್ಲು!" ಎಂದು ಚೀರಿದೆ. ನನ್ನ ಚೀರಾಟ ಈಚೆ ಬದಿಯ ಲಾರಿಯ ಸದ್ದಿನಲ್ಲಿ ಮುಳುಗಿಹೋಯಿತು. ಕಾರಿನ ಬ್ರೇಕು ಕಿರುಚಿದ ಆ ಸಪ್ಪಳ ಈಗಲೂ ನಿದ್ದೆಯಲ್ಲಿ ನನ್ನನ್ನು ಎಬ್ಬಿಸುತ್ತದೆ. ಟೈರಿನ ಹೊಗೆ ಎದ್ದಿತು. ಕಾರು ಅಡ್ಡ ತಿರುಗಿ ಅಪ್ಪನ ಕಂಬಳಿಯ ಅಂಚು ಸವರಿದಷ್ಟು ಹತ್ತಿರ ನಿಂತಿತು. ಹೋತ ಓಡಿತು, ಹೋತನ ಹಿಂದೆ ಅಷ್ಟೂ ಕುರಿ ಕಾರಿನ ಎರಡೂ ಬದಿಯಿಂದ ನುಗ್ಗಿ ನಡುವಿನ ಕಣಗಿಲೆ ಗಿಡಗಳ ಸಂದಿಗೆ ಬಂದು ತುಂಬಿಕೊಂಡವು. ಅಪ್ಪನೂ ಅವುಗಳ ಜೊತೆ ತಳ್ಳಿಸಿಕೊಂಡು ಬಂದ.

ಕಾರಿನವನು ತಲೆ ಹೊರಗೆ ಹಾಕಿ, "ಅಂಧಾ ಹೈ ಕ್ಯಾ ಬುಡ್ಢೇ!" ಎಂದು ಒದರಿದ. ಕುರುಡನೇನೋ ಮುದುಕಾ ಎಂದು. ಇನ್ನೂ ಏನೇನೋ ಬೈದು ಹೋದ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನು ಎರಡೂ ಕೈ ಎತ್ತಿ ಬೀಸುತ್ತಿದ್ದೆ, ಅಲ್ಲೇ ಇರು, ಅಲ್ಲೇ ಇರು ಎಂದು. ನನಗೂ ಅಪ್ಪನಿಗೂ ನಡುವೆ ಈಗ ಅರ್ಧ ರಸ್ತೆಯಷ್ಟೇ ಇತ್ತು. ಅಪ್ಪ ನನ್ನ ಎಡಕ್ಕೆ, ಯಾರೂ ಇಲ್ಲದ ಒಂದು ಕಲ್ಲಿನ ಕಡೆ ಮುಖ ಮಾಡಿ, ಕಿವಿ ಇತ್ತ ತಿರುಗಿಸಿ ನಿಂತಿದ್ದ. ನನ್ನ ಕೈಗಳು ಅವನಿಗೆ ಕಾಣುತ್ತಿರಲಿಲ್ಲ. ನಾನೇ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಹಿಂದೆ ಮರಿಗಳ ಸದ್ದು. ತಾಯಂದಿರ ದನಿ ಇಷ್ಟು ಹತ್ತಿರ ಕೇಳಿದ ಮೇಲೆ ಅವು ಬಲೆಯೊಳಗೆ ನಿಲ್ಲುತ್ತವೆಯೇ? ಒಂದು ಗೂಟ ಕಿತ್ತು ಬಲೆ ತುಳಿದು ಎಲ್ಲವೂ ಒಂದೇ ಸವನೆ ದಿನ್ನೆ ಏರುತ್ತಿದ್ದವು. ಅವುಗಳ ಹಿಂದೆ ಅವ್ವ, ಒಂದು ತೋಳಿಗೆ ಟಾಚಣಿ ಹಾಗೇ ಇದ್ದ ಕುಬಸದಲ್ಲಿ ಓಡಿ ಬಂದಳು. ರಸ್ತೆಯಂಚಿಗೆ ಕಬ್ಬಿಣದ ತಡೆ ಇದೆ, ದಾಟುವವರಿಗೆಂದು ಅದರಲ್ಲೂ ಒಂದು ಸಂದು. ಅವ್ವ ಮರಿಗಳಿಗಿಂತ ಮೊದಲು ಅಲ್ಲಿ ಮುಟ್ಟಿ, ನೆಲಕ್ಕೆ ಕುಕ್ಕರಿಸಿ, ಸೆರಗು ಬಿಚ್ಚಿ ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು ಸಂದು ಮುಚ್ಚಿದಳು. ಮರಿಗಳು ಬಂದು ಅವಳ ಎದೆಗೆ, ತೋಳಿಗೆ ಹಣೆ ಗುದ್ದತೊಡಗಿದವು.

"ಯಾರ ಕರದಾರ ಅವರಿಗಿ? ನೀ ಕರದೇನು?"

"ಸುಮ್ನ ಅಪ್ಪಾ ಅಂದೆ, ಅಷ್ಟೇ. ಅವ್ವಾ, ಅಪ್ಪಗ ಏನಾಗ್ಯಾದ?"

ಅವ್ವ ಮರಿಗಳ ಅರಚಾಟದ ನಡುವೆ, ನನ್ನ ಕಡೆ ನೋಡದೆ ಹೇಳಿದಳು. "ಕಣ್ಣ ಹೋಗ್ಯಾವ. ಹತ್ತಿರಂದು ಜರಾ ಮಂಜ ಮಂಜ ಕಾಣಸ್ತದ, ದೂರಂದು ಏನೂ ಇಲ್ಲ. ದಿನಾ ನಾ ಇಲ್ಲಿ ನಿಂತು ರಸ್ತಾ ಖಾಲಿ ಆದ ಮ್ಯಾಲ ಕೂಗತೀನಿ, ಅವರು ಬರತಾರ. ಮುಂಜಾನಿ ಹೋಗ್ರಿ ಅನ್ನಾಕಿನೂ ನಾನೇ. ಹೆಣ್ಣ ದನಿ ಕೇಳಿ ನಾನೇ ಅನಕೊಂಡಾರ."

ಆ ಕೂಗನ್ನು ಊರವರೆಲ್ಲ ಕೇಳಿದ್ದಾರೆ. ಕುರಿ ಕರೆಯುತ್ತಾಳೆ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಸಂಜೆ ಫೋನ್ ಎತ್ತುವುದಿಲ್ಲವೆಂದು ಬೈಯುತ್ತಿದ್ದೆನಲ್ಲ, ಅವಳು ಎಲ್ಲಿರುತ್ತಿದ್ದಳು ಎಂದು ಒಮ್ಮೆಯೂ ಕೇಳಿರಲಿಲ್ಲ.

"ಡಾಕ್ಟರ್‌ಗ ತೋರಸಬೇಕಿತ್ತಲ್ಲ ಅವ್ವಾ!"

"ತೋರಸೀವಿ. ನರ ಒಣಗ್ಯಾವಂತ, ಆಪರೇಷನ್ ಮಾಡಿದ್ರೂ ಬರಂಗಿಲ್ಲಂತ. ಮಂದಿಗಿ ಗೊತ್ತಾದ್ರ ತಮ್ಮ ತಮ್ಮ ಕುರಿ ಬಿಡಿಸಿಕೊಂಡ ಹೋಗತಾರ. ನಿನಗೂ ಹೇಳಬ್ಯಾಡ ಅಂದಾರ. ಈಗ ಅದೆಲ್ಲ ಬಿಡು. ನೀ ಕರಿ ಅವರಿಗಿ."

"ನಾನಾ? ನನಗ ಆಗಂಗಿಲ್ಲ. ನೀನೇ ಕರಿ."

"ನಾ ಕೂಗಿದ್ರ ಈ ಮರಿ ನಿಲ್ಲಂಗಿಲ್ಲ!" ಅವ್ವನ ದನಿ ಒಡೆಯಿತು. "ದಿನಾ ನನ್ನ ಕೂಗ ಕೇಳಿದ ಮ್ಯಾಲೇ ಇವಕ್ಕ ಹಾಲು. ಈಗ ಕೂಗಿದ್ರ ನನ್ನ ಮ್ಯಾಲ ಹಾರಿ ಹೋಗತಾವ. ನಿನ್ನ ದನಿ ಇವಕ್ಕ ಗೊತ್ತಿಲ್ಲ. ರಸ್ತಾ ನೋಡು, ಖಾಲಿ ಆದ ಮ್ಯಾಲ ಕರಿ. ನಾ ಕೆಳಗ ಕುಂತೀನಿ, ನನಗ ಗಾಡಿ ಕಾಣಂಗಿಲ್ಲ."

ಸೆರಗು ಹಿಡಿಯುವ ಕೆಲಸ ನಾನು ಮಾಡಬಹುದಿತ್ತೇ? ಅದನ್ನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆಗುತ್ತಿರಲಿಲ್ಲ. ಅವ್ವನ ಕೂಗು ಬಿದ್ದರೆ ಆ ಮರಿಗಳನ್ನು ಹತ್ತು ಜನ ಹಿಡಿದರೂ ನಿಲ್ಲುತ್ತಿರಲಿಲ್ಲ. ಮರಿಗಳು ರಸ್ತೆಗೆ ಬಿದ್ದರೆ ತಾಯಂದಿರು ಎದುರಿನಿಂದ ಬೀಳುತ್ತಿದ್ದವು. ಅವುಗಳ ನಡುವೆ ಅಪ್ಪ.

ನಾನು ರಸ್ತೆಯಂಚಿಗೆ ಹೋಗಿ ನಿಂತೆ. ನಮ್ಮ ಬದಿಗೆ ಗಾಡಿಗಳು ಬರುವುದು ಹುಮನಾಬಾದಿನಿಂದ. ಅತ್ತ ರಸ್ತೆ ಒಂದು ಏರು ಹತ್ತಿ ಇಳಿಯುತ್ತದೆ. ಏರಿನ ಆಚೆಯದು ಕಾಣುವುದಿಲ್ಲ. ನಾನೇ ದಾಟಿ ಅಪ್ಪನ ಬಳಿ ಹೋಗಿ ನಿಂತರೆ ಕಣಗಿಲೆ ಗಿಡಗಳು ಅಡ್ಡ ಬಂದು ಆ ಏರು ಸಹ ಕಾಣುತ್ತಿರಲಿಲ್ಲ. ಖಾಲಿ ಇದೆ ಅನ್ನುವಷ್ಟರಲ್ಲಿ ಏರಿನ ನೆತ್ತಿಯ ಮೇಲೆ ಒಂದು ಗಾಡಿ ಮೂಡುತ್ತಿತ್ತು. ಮೂಡಿದ್ದು ಕಂಡು ಬಾಯಿ ಮುಚ್ಚುವಷ್ಟರಲ್ಲಿ ಅದು ನನ್ನ ಮುಂದೆ ಹಾದು ಹೋಗಿರುತ್ತಿತ್ತು. ಅಪ್ಪ ಹೇಳಿದ್ದು ಆಗ ಅರ್ಥವಾಯಿತು. ಹಳೇ ರಸ್ತೆಯಲ್ಲಿ ಲಾರಿ ಬರುವುದು ಎಷ್ಟೋ ದೂರದಿಂದ ಗಡಗಡ ಕೇಳುತ್ತಿತ್ತು, ಅವನು ಕಿವಿಯಿಂದಲೇ ದಾಟುತ್ತಿದ್ದ. ಇಲ್ಲಿ ಗಾಡಿ ಬಂದ ಮೇಲೆಯೇ ಅದರ ಸದ್ದು. ನಾನು ಬಾಯ್ತುಂಬ ಹೊಗಳಿದ ಆ ನುಣುಪು ರಸ್ತೆಯನ್ನು ಅಂದು ಹಿಡಿ ಶಾಪ ಹಾಕಿದೆ.

ಒಂದು ಲಾರಿ. ಹಿಂದೆ ಇನ್ನೊಂದು. ಬಸ್ಸು. ಎರಡು ಕಾರು. ಖಾಲಿ. ಈಗ ಕರೆಯಲೇ? ಬಾಯಿ ತೆರೆದೆ. ಏರಿನ ಮೇಲೆ ಮತ್ತೊಂದು ಲಾರಿ ಮೂಡಿತು. ಕರೆದಿದ್ದರೆ? ಮತ್ತೆ ಖಾಲಿ. ಈ ಸಲ ಏನೂ ಮೂಡಲಿಲ್ಲ. ನಾನು ನೋಡುತ್ತಲೇ ಇದ್ದೆ, ಒಳ್ಳೆಯ ಸಂದು ಕಣ್ಣೆದುರೇ ಕಳೆದುಹೋಯಿತು.

"ಯಾಕ ಕರಿವಲ್ಲಿ?" ಎಂದು ಅವ್ವ ಕೆಳಗಿನಿಂದ ಚೀರಿದಳು.

ಅಪ್ಪ ನಡುವೆ ನಿಂತೇ ಇದ್ದ. ಹಸಿದ ಕುರಿಗಳು ಕಣಗಿಲೆಗೆ ಬಾಯಿ ಹಾಕುತ್ತಿದ್ದವು. ಕಣಗಿಲೆ ಕುರಿಗೆ ವಿಷ. ಅಪ್ಪ ಕೈ ಆಡಿಸಿ, ಕಿವಿ ಸಿಕ್ಕಿದ್ದನ್ನು ಕಿವಿ ಹಿಡಿದು, ಕಾಲು ಸಿಕ್ಕಿದ್ದನ್ನು ಕಾಲು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದ. ಒಂದನ್ನು ಎಳೆದರೆ ಇನ್ನೊಂದು ಬಾಯಿ ಹಾಕುತ್ತಿತ್ತು. ಅವನ ಹಿಂದೆ ಗಾಡಿಗಳು, ಮುಂದೆ ಗಾಡಿಗಳು, ಎರಡೂ ಕಡೆಯ ಗಾಳಿಗೆ ಕಂಬಳಿ ಹಾರುತ್ತಿತ್ತು. ದೊಡ್ಡ ದನಿಯಲ್ಲಿ ಕೇಳಿದ, "ಯಾರದೀರಿ ಅಲ್ಲಿ?" ಹೆಂಡತಿಯದಲ್ಲ ಆ ದನಿ ಎಂದು ಅವನಿಗೆ ಆಗ ಗೊತ್ತಾಗಿತ್ತು. ತನ್ನನ್ನು ನಡುರಸ್ತೆಗೆ ಇಳಿಸಿದ್ದು ಯಾರು ಎಂದು ತಿಳಿಯದೆ ನಿಂತಿದ್ದ ನಮ್ಮಪ್ಪ. ಅಂಥ ಹೆದರಿಕೆಯ ಮುಖ ನಾನು ಅವನದು ಎಂದೂ ನೋಡಿರಲಿಲ್ಲ. ಅತ್ತುಬಿಟ್ಟೆ.

"ಅಪ್ಪಾ, ನಾ ಇದೀನಿ. ನಿನ್ನ ಮಗಳು. ಈಗ ಬರಬ್ಯಾಡ. ನಾ ಬಾ ಅಂದ ಮ್ಯಾಲ ಬಾ. ಬಾ ಅನ್ನೂತನಾ ಕಾಲ ಎತ್ತಬ್ಯಾಡ!"

ಅಪ್ಪ ತಲೆಯಾಡಿಸಿದ. ಹೋತನ ಕೊರಳ ಹಗ್ಗ ಬಿಗಿಯಾಗಿ ಹಿಡಿದ. ಮುಖ ನನ್ನ ದನಿಯ ಕಡೆ ತಿರುಗಿತು, ಆದರೂ ಸರಿಯಾಗಿ ನನ್ನ ಮೇಲೆ ನಿಲ್ಲಲಿಲ್ಲ.

ಹೊತ್ತು ಮುಳುಗಿತು. ಕೆಲವು ಗಾಡಿಗಳು ದೀಪ ಹಚ್ಚಿದ್ದವು, ಕೆಲವು ಹಚ್ಚಿರಲಿಲ್ಲ. ಹಚ್ಚದವು ಏರಿನ ಮೇಲೆ ಬೇಗ ಕಾಣುತ್ತಲೂ ಇರಲಿಲ್ಲ. ಇನ್ನು ತಡ ಮಾಡಿದರೆ ನಾನೂ ಅಪ್ಪನೂ ಒಂದೇ ಆಗುತ್ತೇವೆ ಅನ್ನಿಸಿತು. ಒಂದು ಟ್ಯಾಂಕರ್ ಹೋಯಿತು. ಅದರ ಹಿಂದೆ ಏರು ಬೋಳಾಗಿತ್ತು. ದೇವರ ಹೆಸರು ಸಹ ಬಾಯಿಗೆ ಬರಲಿಲ್ಲ.

"ಬಾ ಅಪ್ಪಾ!"

ಅಪ್ಪ ಇಳಿದ. ಒಂದು ಗಳಿಗೆಯೂ ಅನುಮಾನಿಸಲಿಲ್ಲ. ಈಗಷ್ಟೇ ಇದೇ ದನಿ ಅವನನ್ನು ಕಾರಿನ ಮುಂದೆ ತಂದು ನಿಲ್ಲಿಸಿತ್ತು, ಆದರೂ ಇಳಿದ. ಹೋತ ಮುಂದೆ, ಅಪ್ಪ ಪಕ್ಕದಲ್ಲಿ, ಕುರಿಗಳು ಹಿಂದೆ. ನಾನು ಏರಿನಿಂದ ಕಣ್ಣು ತೆಗೆಯಲಿಲ್ಲ. ಅಲ್ಲಿ ಏನೂ ಮೂಡಲಿಲ್ಲ. ಆಗ ನನ್ನ ಬೆನ್ನ ಹಿಂದಿನಿಂದ, ಬಸವಕಲ್ಯಾಣದ ದಿಕ್ಕಿನಿಂದ ಹಾರ್ನ್ ಕೇಳಿತು. ಉಲ್ಟಾ ದಾರಿಯಲ್ಲಿ, ದೀಪ ಇಲ್ಲದೆ, ಅಂಚು ಹಿಡಿದು ಒಂದು ಬೈಕು ಬರುತ್ತಿತ್ತು. ಬೈಕಿನ ಮೇಲೆ ಹುಲ್ಲಿನ ಹೊರೆ ಕಟ್ಟಿದ್ದ ಮನುಷ್ಯ. ಆ ದಿಕ್ಕಿಗೆ ನಾನು ಒಮ್ಮೆಯೂ ನೋಡಿರಲಿಲ್ಲ, ನೋಡಬೇಕೆಂದು ಹೊಳೆದೂ ಇರಲಿಲ್ಲ. ನಾನು ಏನು ಮಾಡಿದೆನೋ ನನಗೇ ಗೊತ್ತಿಲ್ಲ. ಓಡಿ ಹೋಗಿ ಬೈಕಿನ ಮುಂದೆ ಎರಡೂ ಕೈ ಚಾಚಿ ನಿಂತಿದ್ದೆನಂತೆ. ಅವನು ಕಾಲು ಊರಿ ನಿಲ್ಲಿಸಿದ. ಮುಂದಿನ ಗಾಲಿ ನನ್ನ ಸೀರೆಯ ನೆರಿಗೆಗೆ ತಾಗಿತ್ತು. "ಏನವ್ವಾ ನೀ, ಸಾಯತಿಯೇನು?" ಎಂದ. ನನ್ನ ಬೆನ್ನ ಹಿಂದೆ ಗೊರಸುಗಳ ಸಪ್ಪಳ ಡಾಂಬರಿನಿಂದ ಮಣ್ಣಿಗೆ ಇಳಿಯುತ್ತಿತ್ತು.

ತಿರುಗಿದಾಗ ಅವ್ವ ಸೆರಗು ಬಿಟ್ಟಿದ್ದಳು. ಮರಿಗಳು ತಾಯಂದಿರ ಹೊಟ್ಟೆ ಕೆಳಗೆ ನುಗ್ಗುತ್ತಿದ್ದವು. ತಾಯಂದಿರು ಮೂಸಿ ನೋಡಿ ತಮ್ಮದಲ್ಲದ್ದನ್ನು ಒದೆಯುತ್ತಿದ್ದವು, ತಮ್ಮದಕ್ಕೆ ಕಾಲು ಅಗಲಿಸಿ ನಿಲ್ಲುತ್ತಿದ್ದವು. ಅಪ್ಪ ದಿನ್ನೆಯ ಮೇಲೆ ಕೂತು ಕೈ ಚಾಚಿದ. ನಾನು ಹೋಗಿ ಆ ಕೈಯೊಳಗೆ ನನ್ನ ತಲೆ ಇಟ್ಟೆ. ನನ್ನ ಕಿವಿಯ ಓಲೆ ಮುಟ್ಟಿ ನೋಡಿ ನಾನೇ ಎಂದು ಗುರುತು ಮಾಡಿಕೊಂಡ.

"ಇಷ್ಟೊತ್ತು ಯಾಕ ಮಾಡಿದಿ ಮಗಳೇ? ನಿಮ್ಮವ್ವ ಇಷ್ಟೊತ್ತು ಮಾಡಂಗಿಲ್ಲ."

"ಅಂಜಿಕಿ ಬಂತಪ್ಪಾ" ಅಂದೆ. ಕುರಿ ಬಿಡು ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅಪ್ಪನಿಗೂ ಅದು ಗೊತ್ತಿತ್ತು, ಕೇಳಲು ತಯಾರಾಗಿ ತಲೆ ತಗ್ಗಿಸಿ ಕೂತಿದ್ದ. ಆ ತಗ್ಗಿದ ತಲೆ ನೋಡಿ ನನ್ನಿಂದ ಆಡಲಾಗಲಿಲ್ಲ. ನಾಳೆ ಮುಂಜಾನೆಯೂ ಅವನು ದಾಟುತ್ತಾನೆ, ನಾಳೆ ಸಂಜೆಯೂ ದಾಟುತ್ತಾನೆ. ನಾನು ಬಸವಕಲ್ಯಾಣದಲ್ಲಿ ಯಾರದೋ ಜಂಪರಿನ ತೋಳು ಹಚ್ಚುತ್ತಿರುತ್ತೇನೆ.

ಅವ್ವ ಪಕ್ಕದಲ್ಲಿ ತಾಯಿಗೆ ಹತ್ತದ ಒಂದು ಮರಿಯ ಬಾಯಿಯನ್ನು ಕೆಚ್ಚಲಿಗೆ ಹಿಡಿದು ಕೂತಿದ್ದಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

"ದಿನಾ ಹ್ಯಾಂಗ ಮಾಡತಿ ಅವ್ವಾ ಇದನ್ನ? ಬಾ ಅಂದ ಮ್ಯಾಲ ಅವರು ರಸ್ತಾದಾಗ ಇರತಾರಲ್ಲ, ಅದನ್ನ ಹ್ಯಾಂಗ ನೋಡತಿ?"

ಅವ್ವ ಮರಿಯಿಂದ ಮುಖ ಎತ್ತಲಿಲ್ಲ.

"ಎಲ್ಲಿ ನೋಡತೀನಿ? ಕೂಗೂತನಾ ಅಷ್ಟೇ ನೋಡೋದು. ಕೂಗಿದ ಮ್ಯಾಲ ಕಣ್ಣ ಮುಚ್ಚಿಕೋತೀನಿ. ಹೋತನ ಗಂಟಿ ಈ ಕಡಿ ಮಣ್ಣಿಗಿ ಬಂದ ಮ್ಯಾಲ ತೆಗೀತೀನಿ."